ಟೊಮೇಟೊ ಬಾಕ್ಸಿನಿಂದ ಕೆರೆ ಏರಿಯವರೆಗೆ: ಸಂಶೋಧನಾ ವಿದ್ಯಾರ್ಥಿಗಳು ಕೋಲಾರದಲ್ಲಿ ಆಹಾರ ವ್ಯವಸ್ಥೆಯನ್ನು ಓದುವ ಬಗೆ

ಬೆಂಗಳೂರಿನಿಂದ ಕೋಲಾರಕ್ಕೆ ಹೆದ್ದಾರಿಯಲ್ಲಿ ಸುಮಾರು 70 ಕಿಲೋಮೀಟರ್. ಕೋಲಾರದ ಟೊಮೇಟೊ, ಹಾಲು, ಸೊಪ್ಪು, ಮಾವು ಈ ದಾರಿಯಲ್ಲಿ ಬೆಂಗಳೂರಿಗೆ ಬರುತ್ತವೆ. 2018ರ ಜೂನ್‌ನಿಂದ ಎದುರು ದಿಕ್ಕಿಗೂ ಒಂದು ಹರಿವು ಶುರುವಾಗಿದೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಪೈಪುಗಳಲ್ಲಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಜನರ ಬಾಯಲ್ಲಿ ಅದು 'ಕೆ.ಸಿ. ವ್ಯಾಲಿ ನೀರು'. ಊಟ ಒಂದು ಕಡೆಯಿಂದ ಹೋಗುತ್ತದೆ, ಊಟ ಮಾಡಿದವರು ಬಳಸಿ ಬಿಟ್ಟ ನೀರು ಇನ್ನೊಂದು ಕಡೆಯಿಂದ ವಾಪಸ್ ಬರುತ್ತದೆ. ಆಹಾರ ವ್ಯವಸ್ಥೆಯ ಸುಸ್ಥಿರತೆಯ ಮೇಲೆ ಪಿಎಚ್‌ಡಿ ಮಾಡುವವರಿಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ಸ್ಪಷ್ಟವಾದ ಪಾಠಶಾಲೆ ಸಿಗುವುದು ಕಷ್ಟ.

ಆಹಾರ ವ್ಯವಸ್ಥೆ ಅಂದರೆ ಬೇಸಾಯ ಮಾತ್ರ ಅಲ್ಲ. ಬೀಜ, ನೀರು, ಕರೆಂಟು, ಗೊಬ್ಬರ, ಸಾಲ, ಕೂಲಿ, ಮಂಡಿ, ಲಾರಿ, ಅಂಗಡಿ, ಅಡುಗೆಮನೆ, ಕಸದ ಬುಟ್ಟಿ ಎಲ್ಲವೂ ಅದರೊಳಗೇ ಬರುತ್ತವೆ. ವಿಶ್ವಸಂಸ್ಥೆಯ ಆಹಾರ ಭದ್ರತಾ ಸಮಿತಿಯ ಉನ್ನತ ತಜ್ಞರ ತಂಡ 2020ರ ವರದಿಯಲ್ಲಿ ಆಹಾರ ಭದ್ರತೆಗೆ ಆರು ಆಯಾಮ ಹೇಳಿತು. ಲಭ್ಯತೆ, ಕೈಗೆಟುಕುವಿಕೆ, ಬಳಕೆ, ಸ್ಥಿರತೆ ಎಂಬ ಹಳೆಯ ನಾಲ್ಕರ ಜೊತೆಗೆ ಜನರ ನಿರ್ಧಾರಶಕ್ತಿ ಮತ್ತು ಸುಸ್ಥಿರತೆ ಸೇರಿದವು. ಇಷ್ಟನ್ನು ಲೈಬ್ರರಿಯಲ್ಲೇ ಓದಬಹುದು. ಆದರೆ ಆಹಾರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಅಳತೆಯೂ ಬದಲಾಗುತ್ತದೆ, ಅದು ಲೈಬ್ರರಿಯಲ್ಲಿ ಕಾಣುವುದಿಲ್ಲ. ಹೊಲದಲ್ಲಿ ಗುಂಟೆ, ಬೋರ್‌ವೆಲ್ಲಿನಲ್ಲಿ ಇಂಚು, ಮಂಡಿಯಲ್ಲಿ ಬಾಕ್ಸು, ಡೇರಿಯಲ್ಲಿ ಫ್ಯಾಟು, ಮನೆಯಲ್ಲಿ ಪಾವು ಸೇರು. ಈ ಕೈ ಬದಲಾಗುವ ಜಾಗಗಳಲ್ಲೇ ಲೆಕ್ಕ ತಪ್ಪುತ್ತದೆ, ಲಾಭ ಜಾರುತ್ತದೆ, ನಷ್ಟ ಅಡಗಿಕೊಳ್ಳುತ್ತದೆ. ಹಾಗಾಗಿ ಕ್ಷೇತ್ರ ಭೇಟಿಯ ನಕ್ಷೆಯಲ್ಲಿ ಗುರುತು ಹಾಕಬೇಕಾದದ್ದು ಈ ಜಾಗಗಳನ್ನು.

ಹೊರಡುವ ಮುಂಚೆ

ಹೆಚ್ಚಿನ ಕ್ಷೇತ್ರ ಭೇಟಿಗಳು ಬಸ್ಸು ಬುಕ್ ಮಾಡುವಾಗಲೇ ಕೆಡುತ್ತವೆ. ಒಂದೇ ದಿನಕ್ಕೆ ಒಂದು ಸಾವಯವ ತೋಟ, ಒಂದು ಸಿರಿಧಾನ್ಯ ಘಟಕ, ಒಂದು ಸ್ವಸಹಾಯ ಸಂಘ, ನಡುವೆ ಒಂದು ಸನ್ಮಾನ, ಊಟ. ಸಂಜೆಗೆ ಕೈಯಲ್ಲಿ ಉಳಿಯುವುದು ಇನ್ನೂರು ಫೋಟೊ. ಇದರ ಬದಲು ಒಂದೇ ಪದಾರ್ಥ ಹಿಡಿದು ಅದರ ಬೆನ್ನು ಹತ್ತಬೇಕು. ಕೋಲಾರದಲ್ಲಿ ಟೊಮೇಟೊ, ಹಾಲು, ರಾಗಿ ಮೂರನ್ನೂ ಆರಿಸಿಕೊಳ್ಳಬಹುದು, ಏಕೆಂದರೆ ಮೂರೂ ಒಂದೇ ಮನೆಯ ಅಂಗಳದಲ್ಲಿ ಸಿಗುತ್ತವೆ. ಎಂಟು ಜನರ ತಂಡಕ್ಕೆ ಐದು ದಿನ ಬೇಕು. ಇಪ್ಪತ್ತು ಜನ ಹೋದರೆ ರೈತ ಮಾತಾಡುವುದಿಲ್ಲ, ಭಾಷಣ ಮಾಡುತ್ತಾನೆ.

ಬ್ರಿಟಿಷ್ ಅಭಿವೃದ್ಧಿ ಅಧ್ಯಯನಕಾರ ರಾಬರ್ಟ್ ಚೇಂಬರ್ಸ್ 1980ರ ದಶಕದಲ್ಲಿ 'ಗ್ರಾಮೀಣ ಅಭಿವೃದ್ಧಿ ಪ್ರವಾಸ'ದ ಪೂರ್ವಗ್ರಹಗಳನ್ನು ಪಟ್ಟಿ ಮಾಡಿದ್ದರು. ಬಂದವರು ಟಾರು ರಸ್ತೆಯ ಪಕ್ಕದ ಹೊಲ ಮಾತ್ರ ನೋಡುತ್ತಾರೆ, ಯೋಜನೆ ನಡೆಯುವ ಊರಿಗೇ ಹೋಗುತ್ತಾರೆ, ಗಂಡಸರನ್ನೂ ಊರ ಮುಖಂಡರನ್ನೂ ಮಾತಾಡಿಸುತ್ತಾರೆ, ಮಳೆಗಾಲ ಮುಗಿದ ಮೇಲೆ ಬರುತ್ತಾರೆ. ನಾಲ್ಕು ದಶಕ ಕಳೆದರೂ ಈ ಪಟ್ಟಿಗೆ ವಯಸ್ಸಾಗಿಲ್ಲ. ನಮ್ಮಲ್ಲಿ ಇನ್ನೊಂದನ್ನು ಸೇರಿಸಬೇಕು, 'ಪ್ರಗತಿಪರ ರೈತ'. ಇಲಾಖೆಯನ್ನು ಕೇಳಿದರೆ ಪ್ರಶಸ್ತಿ ಬಂದ ರೈತನ ತೋಟವನ್ನೇ ತೋರಿಸುತ್ತಾರೆ. ಆತ ಕೊಡುವ ಉತ್ತರ ನೂರು ತಂಡಗಳಿಗೆ ಕೊಟ್ಟು ನಯವಾಗಿರುತ್ತದೆ. ಅಲ್ಲಿಗೆ ಹೋಗಿ, ತಪ್ಪಿಲ್ಲ. ಆದರೆ ಅದೇ ಊರಿನಲ್ಲಿ ಬೋರ್ ಬತ್ತಿದವರ ಮನೆ, ಭೂಮಿ ಇಲ್ಲದೆ ಕೂಲಿಗೆ ಹೋಗುವವರ ಮನೆ, ಭೂಮಿ ಗುತ್ತಿಗೆಗೆ ಹಾಕಿಕೊಂಡವರ ಮನೆ, ಈ ಮೂರನ್ನೂ ಮುಟ್ಟದೆ ಊರು ಬಿಡಬೇಡಿ.

ಕಾಲದ ಆಯ್ಕೆಯಲ್ಲೂ ಎಡವುವುದುಂಟು. ಟೊಮೇಟೊ ಆವಕ ಬೇಸಿಗೆಯ ಕೊನೆಯಿಂದ ಮಳೆಗಾಲದ ನಡುವಿನವರೆಗೆ ಏರಿರುತ್ತದೆ. ರಾಗಿ ಬಿತ್ತುವುದು ಜುಲೈ-ಆಗಸ್ಟ್, ಕೊಯ್ಯುವುದು ನವೆಂಬರ್-ಡಿಸೆಂಬರ್. ಒಂದೇ ಸಲ ಹೋದವರಿಗೆ ಅರ್ಧ ಚಿತ್ರ ಸಿಗುತ್ತದೆ. ಐದು ದಿನವನ್ನು ಜುಲೈನಲ್ಲಿ ಮೂರು, ಡಿಸೆಂಬರ್‌ನಲ್ಲಿ ಎರಡು ಎಂದು ಒಡೆದರೆ ಖರ್ಚು ಸ್ವಲ್ಪ ಹೆಚ್ಚು, ತಿಳಿವಳಿಕೆ ಬಹಳ ಹೆಚ್ಚು. ಊರಿನ ಹಿರಿಯರ ಹತ್ತಿರ ಬೆಳೆ ಪಂಚಾಂಗ ಬರೆಯುವಾಗ ಇಂಗ್ಲಿಷ್ ತಿಂಗಳು ಹಿಡಿದು ಕೂರಬೇಡಿ. ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆ ನಕ್ಷತ್ರದಲ್ಲಿ ಕೇಳಿ. ಒಂದೊಂದು ಮಳೆಗೆ ಹದಿಮೂರು-ಹದಿನಾಲ್ಕು ದಿನ, ಅಂದರೆ ತಿಂಗಳ ಲೆಕ್ಕಕ್ಕಿಂತ ಎರಡರಷ್ಟು ಸೂಕ್ಷ್ಮ. ಯಾವ ಮಳೆಗೆ ಬಿತ್ತುತ್ತಿದ್ದಿರಿ, ಈಗ ಯಾವ ಮಳೆಗೆ ಎಂದು ಕೇಳಿದರೆ ಹವಾಮಾನ ಬದಲಾವಣೆಯ ಮಾತು ತಾನಾಗಿ ಬರುತ್ತದೆ. ಆ ಪದವನ್ನು ನೀವು ಎತ್ತುವುದೇ ಬೇಡ.

ಕೋಲಾರಕ್ಕೆ ಕನ್ನಡ ಮಾತ್ರ ಸಾಲದು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬಹಳ ಮನೆಗಳಲ್ಲಿ ಮಾತು ತೆಲುಗು. ತಂಡದಲ್ಲಿ ತೆಲುಗು ಬಲ್ಲವರು ಒಬ್ಬರಾದರೂ ಇರಲಿ. ಹೆಂಗಸರ ಜೊತೆ ಮಾತಾಡಲು ಹೆಣ್ಣುಮಕ್ಕಳು ಇರಲಿ.

ಕಾಗದಪತ್ರದ ಕೆಲಸ ಬೇಸರದ್ದು, ಆದರೂ ಮುಗಿಸಿಕೊಳ್ಳಿ. ಮನುಷ್ಯರನ್ನು ಪ್ರಶ್ನೆ ಕೇಳುವ ಸಂಶೋಧನೆಗೆ ನಿಮ್ಮ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳಿ. ತಂಡದಲ್ಲಿ ವಿದೇಶಿ ವಿದ್ಯಾರ್ಥಿಗಳಿದ್ದು, ಅವರು ಸಂಶೋಧನೆಗೆಂದು ಬೀಜ ಅಥವಾ ಗಿಡದ ಮಾದರಿ ಒಯ್ಯುವ ಯೋಚನೆ ಇದ್ದರೆ ಜೈವಿಕ ವೈವಿಧ್ಯ ಕಾಯ್ದೆ, 2002ರ ಪ್ರಕಾರ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಮೊದಲೇ ಬೇಕು. ಅಜ್ಜಿ ಪ್ರೀತಿಯಿಂದ ಕೊಟ್ಟ ಒಂದು ಹಿಡಿ ಅವರೆ ಬೀಜವೂ ಈ ಲೆಕ್ಕಕ್ಕೆ ಬರಬಹುದು.

ಮೊದಲ ಬೆಳಗು ಮಂಡಿಯಲ್ಲಿ

ಹೊಲದಿಂದ ಶುರು ಮಾಡಬೇಕು ಅನ್ನಿಸುವುದು ಸಹಜ. ಆದರೂ ಮಂಡಿಯಿಂದ ಶುರು ಮಾಡಿ. ಹೊಲದಲ್ಲಿ ಒಬ್ಬ ರೈತ ಸಿಗುತ್ತಾನೆ, ಕೋಲಾರದ ಎಪಿಎಂಸಿಯಲ್ಲಿ ಇಡೀ ಜಿಲ್ಲೆ ಸಿಗುತ್ತದೆ. ದೇಶದ ಅತಿ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಇದು ಒಂದು. ಆಂಧ್ರದ ಮದನಪಲ್ಲಿ ಇದರ ನೆರೆಯ ಪ್ರತಿಸ್ಪರ್ಧಿ, ಎರಡರ ಬೆಲೆಯೂ ಒಂದನ್ನೊಂದು ಎಳೆದಾಡುತ್ತವೆ.

ಇಲ್ಲಿನ ಅಳತೆ 15 ಕೆಜಿ ಬಾಕ್ಸು. ಬಾಯಿ ಮಾತಿನಲ್ಲಿ 15. ನಿಮ್ಮ ಕೆಲಸ ಐದು ಬಾಕ್ಸನ್ನಾದರೂ ತೂಗಿ ನೋಡುವುದು, ಖಾಲಿ ಬಾಕ್ಸಿನ ತೂಕ ಬೇರೆ ಬರೆಯುವುದು, ಮೇಲೆ ಗೋಪುರ ಮಾಡಿ ತುಂಬಿದ್ದಾರೋ ಸಮಕ್ಕೆ ತುಂಬಿದ್ದಾರೋ ಗುರುತಿಸುವುದು. ಬಾಕ್ಸಿಗೆ ಒಂದು ಕೆಜಿ ಹೆಚ್ಚು ಹೋದರೂ ಸುಮಾರು ಶೇ 7ರಷ್ಟು ಬೆಳೆ ಲೆಕ್ಕಕ್ಕೆ ಸಿಗದೆ ಹೋಯಿತು. ಎಕರೆಗೆ ಸಾವಿರ ಬಾಕ್ಸು ಬರುವ ತೋಟದಲ್ಲಿ ಅದು ಒಂದು ಟನ್.

ಹರಾಜು ನಡೆಯುವಾಗ ಒಬ್ಬರು ಒಂದೇ ಮಂಡಿಯ (ಕಮಿಷನ್ ಏಜೆಂಟರ ಮಳಿಗೆಯ) ಮುಂದೆ ನಿಂತು ಇಪ್ಪತ್ತು ಲಾಟುಗಳನ್ನು ದಾಖಲಿಸಲಿ. ಬಾಕ್ಸಿನ ಸಂಖ್ಯೆ, ಹಣ್ಣಿನ ಬಣ್ಣ, ಗಾತ್ರ, ಮೊದಲ ಕೂಗು, ಕೊನೆಯ ಕೂಗು, ಕೊಂಡವರು ಎಲ್ಲಿಗೆ ಕಳಿಸುತ್ತಾರೆ. ಬಣ್ಣ ಯಾಕೆ ಎಂದರೆ, ಉತ್ತರ ಭಾರತದ ದೂರದ ಊರುಗಳಿಗೆ ಹೋಗುವ ಕಾಯಿ ಇನ್ನೂ ತಿಳಿಹಸಿರು ತಿರುಗುವ ಹಂತದಲ್ಲಿರಬೇಕು, ಕೆಂಪು ಹಣ್ಣು ಹತ್ತಿರದ ಪೇಟೆಗೆ. ದೂರ ಹೋಗಲು ದಪ್ಪ ಸಿಪ್ಪೆಯ ಹೈಬ್ರಿಡ್ ಬೇಕು. ಹುಳಿ ಇರುವ ತೆಳು ಸಿಪ್ಪೆಯ ನಾಟಿ ಟೊಮೇಟೊ ಲಾರಿಯಲ್ಲೇ ಹಿಂಡಿ ಹೋಗುತ್ತದೆ. ಹೊಲದಲ್ಲಿ ಯಾವ ತಳಿ ಉಳಿಯಬೇಕು ಎಂಬುದನ್ನು ರಸ್ತೆಯ ಉದ್ದವೇ ತೀರ್ಮಾನಿಸುತ್ತಿದೆ ಅಂದ ಹಾಗಾಯಿತು. ತಳಿ ವೈವಿಧ್ಯದ ಮೇಲೆ ಪ್ರಬಂಧ ಬರೆಯುವವರು ಲಾರಿ ಡ್ರೈವರ್‌ನನ್ನೂ ಮಾತಾಡಿಸಬೇಕು.

ಬೆಲೆಯ ವಿಷಯದಲ್ಲಿ ಮೂರು ಎಚ್ಚರಿಕೆ. 2023ರ ಜುಲೈನಲ್ಲಿ ಇದೇ ಮಾರುಕಟ್ಟೆಯಲ್ಲಿ ಬಾಕ್ಸು 2,000 ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಕಿತ್ತ ಕೂಲಿಯೂ ಹುಟ್ಟದೆ ರೈತರು ರಸ್ತೆಗೆ ಸುರಿದದ್ದಿದೆ. ಆದ್ದರಿಂದ ನೀವು ಹೋದ ದಿನದ ಬೆಲೆಯನ್ನು 'ಟೊಮೇಟೊ ಬೆಲೆ' ಎಂದು ಬರೆಯಬೇಡಿ, ಎಪಿಎಂಸಿಯ ದಿನವಾರು ದಾಖಲೆಯಿಂದ ಕನಿಷ್ಠ ಐದು ವರ್ಷ ತೆಗೆದುಕೊಳ್ಳಿ. ಎರಡನೆಯದು, ಇವತ್ತಿನ ಮಂಡಿ ಬೆಲೆಯನ್ನು ಇವತ್ತಿನ ಬೆಂಗಳೂರು ಅಂಗಡಿ ಬೆಲೆಗೆ ಹೋಲಿಸಬಾರದು. ಅಂಗಡಿಯಲ್ಲಿರುವುದು ನಿನ್ನೆ ಮೊನ್ನೆ ಕೊಂಡ ಮಾಲು. ಮೂರನೆಯದು, ಕೆಟ್ಟು ಹೋಗುವ ಭಾಗ. ಬಾಕ್ಸು 300 ರೂಪಾಯಿಗೆ ಹೋಯಿತು ಅಂದುಕೊಳ್ಳಿ, ಕೆಜಿಗೆ 20. ದಾರಿಯಲ್ಲಿ ಶೇ 12 ಕೆಟ್ಟರೆ, ಮಾರಲು ಉಳಿದ ಪ್ರತಿ ಕೆಜಿಯ ಅಸಲು 22 ರೂಪಾಯಿ 70 ಪೈಸೆ. ಬಾಡಿಗೆ, ಹಮಾಲಿ ಆಮೇಲಿನ ಮಾತು. ಇಷ್ಟು ಮಾಡದೆ ಅಂತರವನ್ನೆಲ್ಲ 'ದಲ್ಲಾಳಿ ಲಾಭ' ಎಂದು ಬರೆದ ಪ್ರಬಂಧಗಳಿಗೆ ಲೆಕ್ಕವಿಲ್ಲ.

ಶೇ 12 ಎಂಬ ಸಂಖ್ಯೆ ಸುಮ್ಮನೆ ಹಿಡಿದದ್ದಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಕೊಯ್ಲೋತ್ತರ ಸಂಸ್ಥೆಯ 2015ರ ಅಧ್ಯಯನದಲ್ಲಿ ಟೊಮೇಟೊ ನಷ್ಟ ಶೇ 12.44, ಹಾಲಿನದು ಶೇ 1ಕ್ಕಿಂತ ಕಡಿಮೆ. ಆದರೆ ಅದು ಕೊಯ್ಲಿನಿಂದ ಮಾರಾಟದವರೆಗಿನ ನಷ್ಟ. ಬೆಲೆ ಬಿದ್ದಿತೆಂದು ಕೀಳದೆ ಗಿಡದಲ್ಲೇ ಬಿಟ್ಟದ್ದಾಗಲಿ, ನಿಮ್ಮ ಫ್ರಿಜ್‌ನಲ್ಲಿ ಕೊಳೆತದ್ದಾಗಲಿ ಅದರಲ್ಲಿ ಇಲ್ಲ.

ಕಮಿಷನ್ ಬಗ್ಗೆಯೂ ಕೇಳಿ, ಆದರೆ ಮೊದಲ ದಿನ ಅಲ್ಲ. ನಿಯಮದಂತೆ ಅದನ್ನು ಕೊಡಬೇಕಾದವನು ಕೊಳ್ಳುವವನು. ರೈತನ ಚೀಟಿಯಲ್ಲಿ ಏನು ಕಡಿತವಾಗಿದೆ ಎಂದು ಚೀಟಿ ನೋಡಿಯೇ ಬರೆಯಿರಿ, ಬಾಯಿ ಮಾತು ಬೇಡ. ಬಿತ್ತನೆಗೆ ಮುಂಚೆ ಮಂಡಿಯವರಿಂದ ಮುಂಗಡ ತಂದಿದ್ದರೆ ಮಾಲು ಅದೇ ಮಂಡಿಗೆ ಬರಬೇಕು. ಇದು ಶೋಷಣೆಯೋ ಬ್ಯಾಂಕು ಕೊಡದ ಸಾಲವೋ ಎಂಬುದಕ್ಕೆ ಎರಡೂ ಉತ್ತರ ಸಿಗುತ್ತವೆ. ಎರಡನ್ನೂ ಬರೆದುಕೊಳ್ಳಿ.

ಹೊಲದಲ್ಲಿ: ಇಂಚು, ಯೂನಿಟ್ಟು, ಖಾಲಿ ಬಾಟಲಿ

ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆಯ, ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ಇದು. ಟೊಮೇಟೊ ನಿಂತಿರುವುದು ಅಂತರ್ಜಲದ ಮೇಲೆ, ಬೋರುಗಳು 1,000 ಅಡಿ ದಾಟಿ ಎಷ್ಟೋ ವರ್ಷವಾಯಿತು. ಸುಸ್ಥಿರತೆಯ ಮಾತೆಲ್ಲ ಇಲ್ಲಿಗೆ ಬಂದು ನಿಲ್ಲುವುದರಿಂದ ನೀರಿನ ಅಳತೆಗೆ ಅರ್ಧ ದಿನ ಮೀಸಲಿಡಿ.

ಬೋರಿನಲ್ಲಿ ಎಷ್ಟು ನೀರಿದೆ ಎಂದರೆ 'ಎರಡಿಂಚು' ಎನ್ನುತ್ತಾರೆ. ಈ ಇಂಚು ಪೈಪಿನ ಅಗಲವಲ್ಲ. ಬೋರ್ ಕೊರೆದ ದಿನ ರಿಗ್‌ನವರು 'ವಿ' ಆಕಾರದಲ್ಲಿ ಕತ್ತರಿಸಿದ ತಗಡಿನ ಮೇಲೆ ನೀರು ಹರಿಸಿ, ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರ ನಿಂತಿದೆ ಎಂದು ಹೇಳಿದ ಸಂಖ್ಯೆ. ಹರಿವು ಆ ಎತ್ತರದ ಎರಡೂವರೆ ಘಾತದಲ್ಲಿ ಏರುತ್ತದೆ. 90 ಡಿಗ್ರಿ ಕಚ್ಚಿನಲ್ಲಿ ಒಂದು ಇಂಚು ಅಂದರೆ ಗಂಟೆಗೆ ಸುಮಾರು 510 ಲೀಟರ್, ಎರಡು ಇಂಚು ಸುಮಾರು 2,900 ಲೀಟರ್. ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಹೆಚ್ಚು. ಪ್ರಶ್ನಾವಳಿಯಲ್ಲಿ ಇಂಚು ಬರೆದುಕೊಂಡು ಸರಾಸರಿ ತೆಗೆದವರ ಲೆಕ್ಕ ಇಲ್ಲೇ ಮುರಿದು ಬಿದ್ದಿರುತ್ತದೆ. ಸಾಲದ್ದಕ್ಕೆ ಅದು ಬೋರ್ ಕೊರೆದ ದಿನದ ಸಂಖ್ಯೆ, ಇವತ್ತಿನದಲ್ಲ.

ಅದಕ್ಕೇ 20 ಲೀಟರ್ ಬಕೆಟ್ಟು ಮತ್ತು ಫೋನಿನ ಸ್ಟಾಪ್‌ವಾಚ್ ಒಯ್ಯಬೇಕು. ಮೋಟರು ಹಾಕಿದ ಹತ್ತು ನಿಮಿಷಕ್ಕೆ ಒಂದು ಸಲ, ನಡುವೆ ಒಂದು ಸಲ, ನಿಲ್ಲಿಸುವ ಮುಂಚೆ ಒಂದು ಸಲ ಅಳೆಯಿರಿ. ಮೊದಲ ಅಳತೆ ಯಾವಾಗಲೂ ಹೆಚ್ಚಿರುತ್ತದೆ, ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರು ಅದು. ಬಕೆಟ್ಟು ತುಂಬಲು ಸರಾಸರಿ 20 ಸೆಕೆಂಡ್ ಹಿಡಿದರೆ ಸೆಕೆಂಡಿಗೆ ಒಂದು ಲೀಟರ್. ಪಂಪ್‌ಸೆಟ್ಟಿಗೆ ಸಿಗುವ ಏಳು ಗಂಟೆ ತ್ರೀಫೇಸ್ ಕರೆಂಟಿನಲ್ಲಿ 25,200 ಲೀಟರ್.

ಈಗ ಕರೆಂಟು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಬಿಲ್ ಇಲ್ಲ, ಹೆಚ್ಚಿನ ಕಡೆ ಮೀಟರೂ ಇಲ್ಲ, ಆದ್ದರಿಂದ ಬಳಕೆಯನ್ನು ನೀವೇ ಅಂದಾಜು ಮಾಡಬೇಕು. 10 ಎಚ್‌ಪಿ ಎಂದರೆ 7.46 ಕಿಲೋವ್ಯಾಟ್. ಏಳು ಗಂಟೆಗೆ ಕನಿಷ್ಠ 52 ಯೂನಿಟ್, ಅಂದರೆ ಸಾವಿರ ಲೀಟರಿಗೆ ಎರಡು ಯೂನಿಟ್. ಈ ಅಂದಾಜು ಸರಿಯೇ ಎಂದು ಪರೀಕ್ಷಿಸಲು ಭೌತಶಾಸ್ತ್ರ ಸಾಕು. ಸೆಕೆಂಡಿಗೆ ಒಂದು ಲೀಟರನ್ನು 300 ಮೀಟರ್ (ಸುಮಾರು 1,000 ಅಡಿ) ಎತ್ತಲು ಬೇಕಾಗುವ ಶಕ್ತಿ 2.9 ಕಿಲೋವ್ಯಾಟ್. ನಮ್ಮ ಮೋಟರು 7.46 ತಿನ್ನುತ್ತಿದೆ, ದಕ್ಷತೆ ಶೇ 40ರ ಹತ್ತಿರ, ನಂಬಬಹುದಾದ ಸಂಖ್ಯೆ. ಶೇ 90 ಬಂದಿದ್ದರೆ ಎಲ್ಲೋ ತಪ್ಪಿದೆ. ಬಹುಶಃ ಬೋರಿನ ಆಳವನ್ನೇ ನೀರಿನ ಆಳ ಅಂದುಕೊಂಡಿದ್ದೀರಿ. ಬೋರು 1,200 ಅಡಿ ಇದ್ದರೂ ನೀರು 700 ಅಡಿಯಲ್ಲಿ ನಿಂತಿರಬಹುದು. ಬೋರಿನ ಆಳ, ಮೋಟರು ಇಳಿಸಿದ ಆಳ, ನೀರಿನ ಮಟ್ಟ, ಮೂರೂ ಬೇರೆ ಬೇರೆ ಪ್ರಶ್ನೆಗಳು.

ಬತ್ತಿದ ಬೋರುಗಳನ್ನೂ ಎಣಿಸಿ. ಒಂದು ಮನೆ ಈವರೆಗೆ ಎಷ್ಟು ಕೊರೆಸಿತು, ಎಷ್ಟರಲ್ಲಿ ನೀರು ಬಂತು, ಸಾಲ ಎಲ್ಲಿಂದ. ಸೋತ ಬೋರುಗಳ ಖರ್ಚನ್ನು ಟೊಮೇಟೊ ಲೆಕ್ಕಕ್ಕೆ ಸೇರಿಸಿದ ಕೂಡಲೇ 'ಲಾಭದ ಬೆಳೆ'ಯ ಬಣ್ಣ ಬದಲಾಗುತ್ತದೆ.

ಗೊಬ್ಬರ ಕೇಳುವಾಗ ಮೂಟೆಯಲ್ಲೇ ಕೇಳಿ, ಲೆಕ್ಕ ನೀವು ಮಾಡಿ. ಯೂರಿಯಾ ಮೂಟೆ ಈಗ 45 ಕೆಜಿ, ಮೊದಲಿನ 50 ಅಲ್ಲ. ಅದರಲ್ಲಿ ಸಾರಜನಕ ಶೇ 46, ಅಂದರೆ 20.7 ಕೆಜಿ. ಡಿಎಪಿ ಮೂಟೆ 50 ಕೆಜಿ, ಅದರಲ್ಲಿ ಸಾರಜನಕ 9 ಕೆಜಿ. ಡ್ರಿಪ್ಪಿನಲ್ಲಿ ಬಿಡುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ) ಪುಡಿಯನ್ನು ರೈತರು 'ಗೊಬ್ಬರ' ಎಂದು ಎಣಿಸದೆ ಬಿಡುವುದುಂಟು, ಬೇರೆಯಾಗಿ ಕೇಳಿ. ಕೊಟ್ಟಿಗೆ ಗೊಬ್ಬರವನ್ನು ಟ್ರ್ಯಾಕ್ಟರ್ ಲೋಡಿನಲ್ಲಿ ಹೇಳುತ್ತಾರೆ, ಟ್ರೇಲರಿನ ಉದ್ದ ಅಗಲ ಎತ್ತರ ಅಳೆದುಕೊಳ್ಳಿ.

ಕೀಟನಾಶಕಕ್ಕೆ ಇಲ್ಲಿನ ಹೆಸರು 'ಔಷಧಿ'. ಎಷ್ಟು ಸಲ ಹೊಡೆಯುತ್ತೀರಿ ಎಂದರೆ ನಿಜವಾದ ಉತ್ತರ ಬರುವುದು ಅಪರೂಪ. ಸುಳ್ಳು ಹೇಳುವ ಉದ್ದೇಶ ಅವರಿಗಿಲ್ಲ, ಎಣಿಸಿಟ್ಟವರೇ ಇಲ್ಲ. ಬದುವಿನ ಮೂಲೆಯಲ್ಲಿ, ಪಂಪ್‌ಸೆಟ್ ಶೆಡ್ಡಿನ ಹಿಂದೆ ಬಿದ್ದ ಖಾಲಿ ಬಾಟಲಿ, ಪೊಟ್ಟಣ ನೋಡಿ. ಅನುಮತಿ ಕೇಳಿ, ಕೈಗವಸು ಹಾಕಿ, ಪ್ರತಿಯೊಂದರ ಲೇಬಲ್ಲಿನ ಫೋಟೊ ತೆಗೆಯಿರಿ. ಲೇಬಲ್ಲಿನ ತ್ರಿಕೋನ ಕೆಂಪೋ ಹಳದಿಯೋ ನೀಲಿಯೋ ಹಸಿರೋ, ವಿಷದ ತೀವ್ರತೆ ಅದರಲ್ಲಿದೆ. ಟೊಮೇಟೊಗೆ ಅದನ್ನು ಶಿಫಾರಸು ಮಾಡಲಾಗಿದೆಯೇ, ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಎಂಬುದೂ ಅಲ್ಲೇ ಇರುತ್ತದೆ. ಫಸಲಿನ ಭರದಲ್ಲಿ ವಾರಕ್ಕೆ ಎರಡು ಸಲ ಕೀಳುವ ಬೆಳೆಗೆ ಏಳು ದಿನ ಕಾಯುವುದು ಹೇಗೆ ಎಂಬ ಪ್ರಶ್ನೆಗೆ ರೈತರ ಹತ್ತಿರವೂ ಉತ್ತರವಿಲ್ಲ, ಲೇಬಲ್ ಬರೆದವರ ಹತ್ತಿರವೂ ಇಲ್ಲ. ಬಿಳಿ ನೊಣ ಹರಡುವ ಎಲೆ ಸುರುಳಿ ನಂಜು ರೋಗ, 2014ರಿಂದ ಭಾರತದಲ್ಲಿ ಕಾಣಿಸಿಕೊಂಡ ಎಲೆ, ಕಾಯಿ ಕೊರೆಯುವ ಟ್ಯೂಟಾ ಹುಳ, ಇವುಗಳ ಕಾಟ ಕಂಡವರಿಗೆ ಬಾಟಲಿಯ ರಾಶಿ ಯಾಕೆ ಎಂದು ಅರ್ಥವಾಗುತ್ತದೆ. ರೋಗ ತಡೆಯುವ ತಳಿಗಳೂ ಇವೆ, ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಸುರುಳಿ, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಊರಿನಲ್ಲಿ ಅದನ್ನು ಎಷ್ಟು ಜನ ಹಾಕಿದ್ದಾರೆ, ಹಾಕದಿದ್ದರೆ ಮಂಡಿಯಲ್ಲಿ ಯಾವ ಕಾರಣಕ್ಕೆ ಬೇಡವಾಯಿತು, ಕೇಳಿ ನೋಡಿ.

ಕೆರೆ ಏರಿಯ ಮೇಲೆ

ಕೆ.ಸಿ. ವ್ಯಾಲಿ ಯೋಜನೆಯ ವಿನ್ಯಾಸ ದಿನಕ್ಕೆ 44 ಕೋಟಿ ಲೀಟರ್. ನೀರು ಮೊದಲು ಸೇರುವ ಕೆರೆಗಳಲ್ಲಿ ಲಕ್ಷ್ಮೀಸಾಗರ ಒಂದು. ಅಲ್ಲಿಂದ ಕೋಡಿ ಹರಿದು ಕೆರೆಯಿಂದ ಕೆರೆಗೆ ಇಳಿಯುತ್ತದೆ. ಹಿಂದಿನವರು ಕಟ್ಟಿದ ಕೆರೆ ಸರಪಳಿಯ ಮೇಲೇ ಇಂದಿನ ಯೋಜನೆ ಕೂತಿದೆ. 2018ರ ಜುಲೈನಲ್ಲಿ ಇಲ್ಲಿ ನೊರೆ ಎದ್ದು ವಿಷಯ ಹೈಕೋರ್ಟಿಗೆ ಹೋಗಿ, ನೀರು ನಿಂತು, ಮತ್ತೆ ಶುರುವಾಯಿತು.

ವಾದ ಇರುವುದು ಶುದ್ಧೀಕರಣದ ಹಂತದಲ್ಲಿ. ಇಲ್ಲಿಗೆ ಬರುವುದು ಎರಡನೇ ಹಂತದವರೆಗೆ ಶುದ್ಧವಾದ ನೀರು. ಆ ಹಂತದಲ್ಲಿ ಕೊಳೆಯುವ ಸಾವಯವ ವಸ್ತು ಮತ್ತು ತೇಲುವ ಕಣಗಳು ಹೋಗುತ್ತವೆ. ಕರಗಿದ ನೈಟ್ರೇಟ್, ಫಾಸ್ಫೇಟ್, ಭಾರಲೋಹ ಪೂರ್ತಿ ಹೋಗಬೇಕಾದರೆ ಮೂರನೇ ಹಂತ ಬೇಕು. ಈ ನೀರನ್ನು ಕೆರೆಯಿಂದ ನೇರವಾಗಿ ಹೊಲಕ್ಕೆ ಎತ್ತುವಂತಿಲ್ಲ. ನೆಲಕ್ಕಿಳಿದು ಬೋರಿನಲ್ಲಿ ಬಂದದ್ದನ್ನು ಬಳಸಬಹುದು. ನೆಲವೇ ಮೂರನೇ ಸೋಸುಕ ಎಂಬ ನಂಬಿಕೆ ಇದರ ಹಿಂದಿದೆ. ಬೋರುಗಳಲ್ಲಿ ನೀರು ಮೇಲೆ ಬಂದಿದೆ ಎಂದು ಖುಷಿಪಡುವ ರೈತ ಮತ್ತು ಮೂರನೇ ಹಂತ ಬೇಕೇ ಬೇಕು ಎಂದು ಹೋರಾಡುವ ರೈತ ಒಂದೇ ಊರಿನಲ್ಲಿ ಸಿಗುತ್ತಾರೆ, ಕೆಲವೊಮ್ಮೆ ಒಬ್ಬನೇ ವ್ಯಕ್ತಿಯಲ್ಲಿ.

ಮಾದರಿ ತೆಗೆಯುವ ಕ್ರಮ ಸರಳ, ತಪ್ಪುವುದೂ ಸುಲಭ. ಕೆರೆಗೆ ನೀರು ಬೀಳುವ ಜಾಗ, ತೂಬಿನ ಹತ್ತಿರ, ಕೋಡಿ, ಏರಿಯ ಕೆಳಗಿನ ಒಂದು ಬೋರು, ಎರಡು ಕಿಲೋಮೀಟರ್ ಆಚೆ ಈ ನೀರು ತಲುಪದ ಕಡೆಯ ಒಂದು ಬೋರು. ಕೊನೆಯದು ಇಲ್ಲದಿದ್ದರೆ ಹೋಲಿಕೆಗೇ ಜಾಗವಿಲ್ಲ. ಪಿಎಚ್ ಮತ್ತು ವಿದ್ಯುತ್ ವಾಹಕತೆಯನ್ನು ಅಲ್ಲೇ ಅಳೆಯಿರಿ. ಬಿಒಡಿ (ಸಾವಯವ ವಸ್ತು ಕೊಳೆಯಲು ಬೇಕಾಗುವ ಆಮ್ಲಜನಕ) ಪರೀಕ್ಷೆಗೆ ಬಾಟಲಿಯನ್ನು ಗಾಳಿಗುಳ್ಳೆ ಇಲ್ಲದಂತೆ ತುಂಬಿ ಐಸ್ ಪೆಟ್ಟಿಗೆಯಲ್ಲಿ 4 ಡಿಗ್ರಿಯ ಹತ್ತಿರ ಇಟ್ಟು ಅದೇ ದಿನ ಲ್ಯಾಬಿಗೆ ಮುಟ್ಟಿಸಿ. ಭಾರಲೋಹದ ಮಾದರಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿ 'ಕಲುಷಿತವಲ್ಲ' ಎಂಬ ಸುಳ್ಳು ಫಲಿತಾಂಶ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ, ಫ್ಲೋರೈಡ್ 1, ಬೇರೆ ಮೂಲ ಇಲ್ಲದಿದ್ದರೆ 1.5. ಏರಿ ಕೆಳಗಿನ ಬೋರಿನಲ್ಲಿ ನೈಟ್ರೇಟ್ ಹೆಚ್ಚು ಸಿಕ್ಕರೆ ಕೂಡಲೇ ಬೆಂಗಳೂರನ್ನು ದೂರಬೇಡಿ, ಮೇಲಿನ ಟೊಮೇಟೊ ತೋಟದ ಯೂರಿಯಾ ಮೂಟೆಗಳ ಲೆಕ್ಕವನ್ನೂ ಪಕ್ಕದಲ್ಲಿಡಿ. ಫ್ಲೋರೈಡ್ ಹೆಚ್ಚಿದ್ದರೆ ಅದು ಆಳದ ಕಲ್ಲಿನಿಂದ ಬಂದದ್ದು.

ಕೆರೆಯ ಬಳಿ ನೀರಗಂಟಿ ಕೆಲಸ ಮಾಡಿದವರ ಮನೆಯವರು ಇದ್ದರೆ ಒಂದು ಗಂಟೆ ಅವರ ಜೊತೆ ಕೂರಿ. ಯಾರ ಗದ್ದೆಗೆ ಎಷ್ಟು ಹೊತ್ತು ತೂಬು ತೆಗೆಯಬೇಕೆಂದು ತೀರ್ಮಾನಿಸುತ್ತಿದ್ದವರು ಅವರು. ವರದಿಗಳಲ್ಲಿ 'ನಿರ್ಧಾರಶಕ್ತಿ' ಎಂದು ಬರೆಯುವುದಕ್ಕೆ ಊರಿನಲ್ಲಿದ್ದ ಹಳೆಯ ರೂಪ ಅದು, ಅದರ ಒಳಗಿನ ಜಾತಿಯ ತಾರತಮ್ಯವೂ ಸೇರಿ.

ಡೇರಿ, ರಾಗಿ ಹುಲ್ಲು ಮತ್ತು ಹಂಚಿಕೆಯ ಜಗಳ

ಸಂಜೆ ಡೇರಿ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಹಾಲಿಗೆ ಬೆಲೆ ಕಟ್ಟುವುದು ಲೀಟರಿನಿಂದ ಮಾತ್ರವಲ್ಲ, ಫ್ಯಾಟ್ ಮತ್ತು ಕೊಬ್ಬೇತರ ಘನಾಂಶದಿಂದ. ನಂದಿನಿಗೆ ಹೋಗುವ ಹಾಲು ಊರಿನ ಅಥವಾ ಪಕ್ಕದ ಊರಿನ ಶೀತಲ ಘಟಕದಲ್ಲಿ 4 ಡಿಗ್ರಿಗೆ ಇಳಿಯುತ್ತದೆ. ಹಾಲಿನ ನಷ್ಟ ಟೊಮೇಟೊ ನಷ್ಟದ ಹತ್ತನೇ ಒಂದಕ್ಕಿಂತ ಕಡಿಮೆ ಇರುವುದಕ್ಕೆ ಈ ತಂಪು ಸರಪಳಿ ಒಂದು ಕಾರಣ, ದಿನಕ್ಕೆ ಎರಡು ಸಲ ತಪ್ಪದೆ ಕೊಳ್ಳುವ ಸಂಘ ಇನ್ನೊಂದು. ಪಾಸ್‌ಬುಕ್ಕು ಯಾರ ಹೆಸರಲ್ಲಿದೆ, ದುಡ್ಡು ಯಾರ ಕೈ ಸೇರುತ್ತದೆ, ಹುಲ್ಲು ತಂದು ಸಗಣಿ ಬಾಚುವವರು ಯಾರು, ಮೂರನ್ನೂ ಬೇರೆ ಬೇರೆ ಕೇಳಿ.

ಹಸುವಿನ ಮೀಥೇನ್ ಲೆಕ್ಕವನ್ನು ಕೊಟ್ಟಿಗೆಯ ಮುಂದೆಯೇ ಹಾಕಿ ನೋಡಬಹುದು. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿಯಲ್ಲಿ ಭಾರತ ಉಪಖಂಡದ ಹಾಲು ಕೊಡುವ ಹಸುವಿಗೆ ವರ್ಷಕ್ಕೆ 58 ಕೆಜಿ ಮೀಥೇನ್. ಅದನ್ನು ನೂರು ವರ್ಷದ ತಾಪನ ಅಂಶ (ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟು ಪಟ್ಟು ಬಿಸಿ ಮಾಡುತ್ತದೆ ಎಂಬ ಸಂಖ್ಯೆ) 27ರಿಂದ ಗುಣಿಸಿದರೆ ಸುಮಾರು 1,570 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಹಸು ವರ್ಷಕ್ಕೆ 3,000 ಲೀಟರ್ ಕೊಟ್ಟರೆ ಲೀಟರಿಗೆ ಅರ್ಧ ಕೆಜಿ, 1,500 ಕೊಟ್ಟರೆ ಒಂದು ಕೆಜಿ. ಇಲ್ಲಿಂದ 'ಸೀಮೆ ಹಸುವೇ ಹವಾಮಾನಕ್ಕೆ ಒಳ್ಳೆಯದು' ಎಂಬ ತೀರ್ಮಾನಕ್ಕೆ ಜಿಗಿಯುವವರಿದ್ದಾರೆ. ಸ್ವಲ್ಪ ತಾಳಬೇಕು. 58 ಎಂಬುದು ಸಿದ್ಧ ಸಂಖ್ಯೆ. ಈ ಹಸು ರಾಗಿ ಹುಲ್ಲು ತಿನ್ನುತ್ತದೋ ಬೋರ್ ನೀರಿನಲ್ಲಿ ಬೆಳೆದ ನೇಪಿಯರ್ ಹುಲ್ಲು ತಿನ್ನುತ್ತದೋ ಆ ಸಂಖ್ಯೆಗೆ ಗೊತ್ತಿಲ್ಲ. ಹೆಚ್ಚು ಹಾಲಿಗೆ ಹೆಚ್ಚು ಮೇವು, ಆಗ ಹಸುವೊಂದರ ಮೀಥೇನೂ ಏರುತ್ತದೆ. ಹಸಿರು ಮೇವಿನ ನೀರು, ಹಿಂಡಿಯ ಲಾರಿ ಯಾವುದೂ ಈ ಗುಣಾಕಾರದಲ್ಲಿ ಇಲ್ಲ.

ರಾಗಿ ಹುಲ್ಲು ಇಲ್ಲಿಯ ಗಂಟು. ರಾಗಿ ಮಳೆಯಲ್ಲೇ ಬೆಳೆಯುತ್ತದೆ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬರುತ್ತವೆ, ಹುಲ್ಲು ಬಣವೆಯಾಗಿ ವರ್ಷವಿಡೀ ಹಸುವಿಗೆ. ಎಕರೆಗೆ 10 ಕ್ವಿಂಟಾಲ್ ಕಾಳು, 20 ಕ್ವಿಂಟಾಲ್ ಹುಲ್ಲು ಬಂತೆಂದು ಇಟ್ಟುಕೊಳ್ಳಿ. ಆ ಹೊಲದ ಉಳುಮೆ ಡೀಸೆಲ್, ಗೊಬ್ಬರದ ಹೊರೆಯನ್ನು ಯಾರ ತಲೆಗೆ ಕಟ್ಟಬೇಕು? ತೂಕದ ಪ್ರಕಾರ ಹಂಚಿದರೆ ಮೂರರಲ್ಲಿ ಎರಡು ಪಾಲು ಹುಲ್ಲಿಗೆ, ಅಂದರೆ ಹಾಲಿಗೆ. ಬೆಲೆಯ ಪ್ರಕಾರ ಹಂಚಿದರೆ, ಕಾಳು ಕೆಜಿಗೆ 40, ಹುಲ್ಲು ಕೆಜಿಗೆ 5 ರೂಪಾಯಿ ಅಂದುಕೊಂಡರೆ, ಹುಲ್ಲಿನ ಪಾಲು ಐದರಲ್ಲಿ ಒಂದು. ಅದೇ ಹೊಲ, ಅದೇ ಹಸು, ಹಾಲಿನ ಇಂಗಾಲದ ಹೆಜ್ಜೆಗುರುತು ಮಾತ್ರ ಬೇರೆ. ಪ್ರಬಂಧದಲ್ಲಿ ಎರಡನ್ನೂ ಹಾಕಿ, ಯಾವುದನ್ನು ಯಾಕೆ ಆರಿಸಿದಿರಿ ಎಂದು ಬರೆಯಿರಿ. ಕಟಾವು ಯಂತ್ರ ಬಂದ ಊರುಗಳಲ್ಲಿ ಹುಲ್ಲು ಎಷ್ಟು ಹೊಲದಲ್ಲೇ ಉಳಿಯುತ್ತದೆ ಎಂಬುದನ್ನೂ ನೋಡಿ. ಕೂಲಿ ಉಳಿಸಿದ ಯಂತ್ರ ಮೇವು ಕಡಿಮೆ ಮಾಡಿ, ಮೇವಿಗಾಗಿ ಇನ್ನೊಂದು ಬೋರ್ ಕೊರೆಸಿದರೆ ಲೆಕ್ಕ ಎಲ್ಲಿಗೆ ಹೋಯಿತು?

ರಾಗಿ ಯಾಕೆ ಕಡಿಮೆಯಾಗುತ್ತಿದೆ, ಎಲ್ಲಿ ಮತ್ತೆ ಹೆಚ್ಚಾಗುತ್ತಿದೆ ಎಂದು ತಿಳಿಯಲು ಬೆಂಬಲ ಬೆಲೆಯನ್ನೂ ನೋಡಿ. 2023-24ರಲ್ಲಿ ಕ್ವಿಂಟಾಲಿಗೆ 3,846 ರೂಪಾಯಿ ಇದ್ದದ್ದು 2025-26ಕ್ಕೆ 4,886 ಆಯಿತು. ಆದರೆ ಖರೀದಿ ಕೇಂದ್ರದಲ್ಲಿ ಹೆಸರು ಬರೆಸಲು ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಬೇಕು, ಅದು ಪಹಣಿಗೆ ಕಟ್ಟಿಕೊಂಡಿದೆ. ಗುತ್ತಿಗೆಗೆ ಮಾಡುವವನ ರಾಗಿ ಬೇರೆಯವರ ಹೆಸರಲ್ಲಿ ಹೋಗುತ್ತದೆ, ಇಲ್ಲವೇ ಕಡಿಮೆ ಬೆಲೆಗೆ ವ್ಯಾಪಾರಿಗೆ.

ರಾತ್ರಿಯ ಲೆಕ್ಕ

ದಿನದ ಕೊನೆಗೆ ಒಂದು ಗಂಟೆ ತಂಡ ಒಟ್ಟಿಗೆ ಕೂರಬೇಕು, ದಣಿವು ಎಷ್ಟೇ ಇರಲಿ. ನೋಟ್‌ಬುಕ್ಕಿನ ಎಡ ಪುಟದಲ್ಲಿ ಕಂಡದ್ದು, ಕೇಳಿದ್ದು, ಅಳೆದದ್ದು. ಬಲ ಪುಟದಲ್ಲಿ ನಿಮಗನ್ನಿಸಿದ್ದು. ಎರಡೂ ಬೆರೆತರೆ ಮೂರು ತಿಂಗಳ ನಂತರ ಬಿಡಿಸಲಾಗುವುದಿಲ್ಲ. ಆಮೇಲೆ ಸಂಖ್ಯೆಗಳನ್ನು ಒಂದಕ್ಕೊಂದು ಗುದ್ದಾಡಿಸಿ. ರೈತ ಹೇಳಿದ ಬಾಕ್ಸು ಮಂಡಿ ಚೀಟಿಯ ಬಾಕ್ಸಿಗೆ ಹೊಂದುತ್ತದೆಯೇ? ಡೇರಿ ಪುಸ್ತಕದ ಹಾಲು ಕೊಟ್ಟಿಗೆಯ ಹಸುಗಳಿಗೆ ಹೊಂದುತ್ತದೆಯೇ? ಹೊಂದದ ಕಡೆ ಮರುದಿನ ಮತ್ತೆ ಹೋಗಿ. ಹೊಂದದಿರುವುದೇ ಬಹಳ ಸಲ ಹೊಸ ವಿಷಯ: ಕೆಲವು ಬಾಕ್ಸು ನೇರ ಮಾರಾಟಕ್ಕೆ ಹೋಗಿರುತ್ತದೆ, ಮನೆಯ ಹಾಲಿನಲ್ಲಿ ಮಕ್ಕಳಿಗೆ ಉಳಿದದ್ದು ಎಷ್ಟು ಕಡಿಮೆ ಎಂದು ಗೊತ್ತಾಗುತ್ತದೆ.

ಕೊನೆಯ ರಾತ್ರಿ ಟೊಮೇಟೊ ಎಕರೆಯನ್ನೂ ರಾಗಿ ಎಕರೆಯನ್ನೂ ಪಕ್ಕಪಕ್ಕ ಇಡಿ. ಟೊಮೇಟೊ 20 ಟನ್, ರಾಗಿ ಒಂದು ಟನ್. ತೂಕದಲ್ಲಿ ಟೊಮೇಟೊ ಇಪ್ಪತ್ತು ಪಟ್ಟು. ಕೆಜಿ ರಾಗಿಯಲ್ಲಿ ಸುಮಾರು 3,200 ಕಿಲೋಕ್ಯಾಲರಿ, ಕೆಜಿ ಟೊಮೇಟೊದಲ್ಲಿ ಸುಮಾರು 200. ಹಾಗೆ ಎಣಿಸಿದರೆ ಟೊಮೇಟೊ ಎಕರೆಗೆ 40 ಲಕ್ಷ, ರಾಗಿ ಎಕರೆಗೆ 32 ಲಕ್ಷ, ಅಂತರ ಕರಗಿತು. ಸುಣ್ಣದ ಅಂಶದಲ್ಲಿ ನೂರು ಗ್ರಾಂಗೆ ರಾಗಿ 364 ಮಿಲಿಗ್ರಾಂ, ಟೊಮೇಟೊ 10ರ ಆಸುಪಾಸು. ಒಂದು ಟನ್ ರಾಗಿಯಲ್ಲಿ ಮೂರೂವರೆ ಕೆಜಿ, 20 ಟನ್ ಟೊಮೇಟೊದಲ್ಲಿ ಎರಡು ಕೆಜಿ, ಈಗ ರಾಗಿ ಮುಂದೆ. ಸಿ ಜೀವಸತ್ವ ಹಿಡಿದರೆ ಟೊಮೇಟೊ ಎದುರು ರಾಗಿ ನಿಲ್ಲುವುದಿಲ್ಲ. ಕೂಲಿಯ ದಿನಗಳಲ್ಲಿ ಟೊಮೇಟೊ ಮುಂದೆ, ಬೋರಿನ ನೀರಿನಲ್ಲಿ ರಾಗಿಯ ಲೆಕ್ಕ ಸೊನ್ನೆ. ದುಡ್ಡಿನಲ್ಲಿ, ಯಾವ ವರ್ಷದ ಬೆಲೆ ಹಿಡಿದಿರಿ ಎಂಬುದರ ಮೇಲೆ ಎಲ್ಲವೂ. ಯಾವ ಬೆಳೆ ಸುಸ್ಥಿರ ಎಂಬ ಪ್ರಶ್ನೆಗೆ ಉತ್ತರ ಹೇಳುವ ಮುಂಚೆ ಯಾವುದರಿಂದ ಭಾಗಿಸಿದಿರಿ ಎಂದು ಹೇಳಬೇಕು. ಈ ಒಂದು ಪುಟದ ಲೆಕ್ಕವನ್ನು ತಂಡದವರೆಲ್ಲ ಸ್ವಂತ ಕೈಯಲ್ಲಿ ಮಾಡಲಿ, ಸಾಫ್ಟ್‌ವೇರ್ ಆಮೇಲೆ.

ವಾಪಸ್ ಬಂದ ಮೇಲೆ ಮಾಡಬೇಕಾದ ಒಂದು ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ನೀರಿನ ಪರೀಕ್ಷೆಯ ಫಲಿತಾಂಶವನ್ನು ಬೋರಿನ ಮಾಲೀಕರಿಗೆ ಕೊಡಬೇಕು, ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ: ಯಾವ ದಿನ, ಯಾವ ಬೋರು, ಎಷ್ಟು ಬಂತು, ಮಿತಿ ಎಷ್ಟು, ಕುಡಿಯಬಹುದೋ ಬೇಡವೋ. ಫ್ಲೋರೈಡ್ 1.5 ದಾಟಿದ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಲ್ಯಾಬಿನ ಪಕ್ಕಾ ವರದಿ ಬರಲಿ ಎಂದು ಕಾಯದೆ ಅಂದೇ ಫೋನ್ ಮಾಡಿ.